ಗೋಡೆಗೆ ಅಂಟಿಸಿದ ಸಂಬಳ

ವಾರ್ಡೊದ ಮೀನಿನ ಕಾರ್ಖಾನೆಯಲ್ಲಿ
ಮುಳ್ಳು ಬಿಡಿಸುವ ಸೂಲ್‌ಫ್ರಿಡಳ ಲಕೋಟೆ ತೆಳು.
ಪೆಟ್ಟಿಗೆ ಹೊರುವ ರಾಗ್ನ್‌ವಾಲ್ಡನದು ದಪ್ಪ.
ಇಬ್ಬರ ಕೈಗೂ ಒಂದೇ ನಾತ.

ಆ ವರ್ಷದ ಒಪ್ಪಂದದಲ್ಲಿ
ಹೆಂಗಸು ಎಂಬ ಪದವೇ ಇರಲಿಲ್ಲ.
ಕೆಳಗಿನ ಮೆಟ್ಟಿಲಿಗೆ ಎರಡು ಕ್ರೋನ,
ಮೇಲಿನದಕ್ಕೆ ಮುಕ್ಕಾಲು, ಅಷ್ಟೆ.
ಕೆಳಗೆ ನಿಂತವರು ಯಾರೆಂದು ಯಾರೂ ಕೇಳಲಿಲ್ಲ;
ವಸ್ತ್ರ ಕಟ್ಟಿದ ನಲವತ್ತು ತಲೆ ಎಣಿಸಿದ್ದರೆ ಸಾಕಿತ್ತು.

ಆ ಚಳಿಗಾಲ ಅವಳು ಬೂಟು ಕೊಂಡಳು,
ಗಂಡನನ್ನು ಕೇಳದೆ.

ಈಗ ಮಗಳು ಟೂರಿಡ್ ಓಸ್ಲೋದ ಬ್ಯಾಂಕಿನಲ್ಲಿ,
ಅಮ್ಮನಿಗಿಂತ ಎಷ್ಟೋ ಮೆಟ್ಟಿಲು ಮೇಲೆ.
ಒಬ್ಬೊಬ್ಬರದೂ ಬಾಗಿಲು ಮುಚ್ಚಿದ ಚೌಕಾಸಿ.
ಏಣಿ ಅದೇ; ಮೆಟ್ಟಿಲಿಂದ ಮೆಟ್ಟಿಲಿಗೆ
ಕಾಲು ಎಟುಕುವುದಿಲ್ಲ.

ಫೋನಿನಲ್ಲಿ ಮುದುಕಿ:
"ಪಕ್ಕದ ಕುರ್ಚಿಯವನಿಗೆ ಬೋನಸ್ಸು ಎಷ್ಟೆ?"
"ಗೊತ್ತಿಲ್ಲಮ್ಮ."
"ನಮಗೆ ಗೊತ್ತಿರುತ್ತಿತ್ತು.
ಗೋಡೆಗೇ ಅಂಟಿಸುತ್ತಿದ್ದರು,
ಕೈ ತೊಳೆಯುವ ನಲ್ಲಿಯ ಪಕ್ಕ."