ಇಲ್ಲಿತನಕದ ಮುಳುಗು

ಕಂಪ್ಲಿ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಾಗ
ಮೌಲಾಲಿ ಫಾರಂ ಓದ್ತಾನ, ನಾ ಹೇಳಿದ್ದು ಬರೀತಾನ.
ಹೆಸರು: ಅಂಬಿಗರ ಹುಲುಗಪ್ಪ.
ವಯಸ್ಸು: ಆಧಾರಿನಾಗ ನಲವತ್ತಾರು.
ಸಮುದ್ರ ನೋಡಿದ್ದುಂಟಾ: ಇಲ್ಲ.
‘ಇಲ್ಲ ಅಂತ ಬರದ್ರ ತಗೊಂತಾರಾ?’ ಪೆನ್ನು ಎತ್ತಿದ.
ಬರಿ, ಅಂದೆ. ಹೊಳಿಗೇ ಸುಳ್ಳು ಹೇಳಿದವ್ನಲ್ಲ,
ಕಡಲಿಗ್ಯಾಕ ಹೇಳ್ಲಿ.

ವೈಜಯಂತಿ ಮೇಡಂ ಮೂರು ಬ್ಯಾಸಿಗಿ
ನನ್ನ ಹರಗೋಲಿನಾಗ ಕುಂತು ನೀರುನಾಯಿ ಎಣಿಸಿದಾಕಿ.
ಗುಂಡುಗಲ್ಲಿನ ಮ್ಯಾಲಿನ ಹಿಕ್ಕಿ ಚೀಲಕ್ಕ ತುಂಬಿ
ಮೂಸಿ ನೋಡಿ ‘ಮೀನು, ಏಡಿ’ ಅಂತ ಬರಕೊಂಡಾಕಿ.
ಈಗ ಅಂಡಮಾನಿನಾಚಿ ಯಾವುದೋ ನಡುಗಡ್ಡಿಗೆ
ಕಡಲಹಸು ಹುಡುಕಾಕ ಹೊಂಟಾರ, ಹನ್ನೊಂದು ಮಂದಿ.
ಹನ್ನೆರಡನೇದವ ನಾನಂತ.
ನೀರಾಗ ಹುಲ್ಲು ಮೇಯೋ ಹಸು ಅಂದಾಗ
ನನ್ನಾಕಿ ಒಲಿ ಊದೋದು ಬಿಟ್ಟು ನಕ್ಕಳು:
‘ಹಾಲು ಹಿಂಡಾಕ ನಿನ್ನ ಕರದಾರೇನು?’

ಮುಂದಿನ ಪುಟಕ್ಕ ಮೌಲಾಲಿ ತಡವರಿಸಿದ.
ಇಲ್ಲಿತನಕ ಎಷ್ಟು ಸಲ ಮುಳುಗೀರಿ?
ಆಳ? ನೀರಾಗ ಎಷ್ಟು ದೂರ ಕಾಣತಿತ್ತು?
ಕಂಡ ಜೀವಿಗಳು?

ಎಣಿಸಿದವರ್ಯಾರು. ಠಾಣೆಯ ಪಂಚನಾಮೆಯಾಗ ಐತಿ ನನ್ನ ಸಹಿ.
ಸೇತುವಿ ಮುಣಿಗಿದ ವರ್ಷ ಬೈಕ್ ಸಮೇತ ಹೋದ ಹುಡುಗ,
ಕೋಟೆ ಹತ್ರ ಅರಿವಿ ಒಗಿಯಾಕ ಬಂದಾಕಿ,
ಗಂಗಾವತಿ ಕಾಲುವಿಯಾಗ ಒಬ್ಬ ಮಾವಿನಹಣ್ಣಿನ ವ್ಯಾಪಾರಿ,
ಕಿಸೆಯಾಗ ತಕ್ಕಡಿಬಟ್ಟು ಹಂಗ ಇದ್ವು.
ಆಳ ಎರಡಾಳು, ಮೂರಾಳು.
ಕಾಣೋದು? ಗೋಡು ನೀರಾಗ ನಾವು ಕಣ್ಣು ತೆರಿಯೋದೇ ಇಲ್ಲ.
ಬೆರಳು ನೋಡ್ತಾವ.
ಇದು ಜಾಲಿ ಬೇರು. ಇದು ಹರಿದ ಬಲೆ. ಇದು ಬಳೆ.
ಬಳೆ ಸಿಕ್ಕಮ್ಯಾಲ ಕೈ, ಕೈ ಸಿಕ್ಕಮ್ಯಾಲ ಮನಷಾ.
ನನ್ನ ತಲಿ ಮ್ಯಾಲ ಬಂದ ಕೂಡ್ಲೆ
ದಂಡಿಮ್ಯಾಗ ಅಳೋದು ನಿಂದ್ರತೈತಿ,
ಒಂದು ಗಳಿಗಿ. ಆಮ್ಯಾಲ ಸುರುವಾಗತೈತಿ.
ಬರಿಗೈಲೆ ಎದ್ರ ಬೈತಾರ.
ತುಂಬಿದ ಕೈಲೆ ಎದ್ರ ಯಾರೂ ನನ್ನ ಮಾರಿ ನೋಡಲ್ಲ.

ಮೌಲಾಲಿ ಬರದದ್ದು: ಅನೇಕ ಸಲ.

ಕಡೀ ಪುಟದಾಗ ಅವರ ಕಟ್ಟಳಿ ಅದಾವ.
ಹವಳ ಮುಟ್ಟಬಾರದು. ಮೀನು ಮುಟ್ಟಬಾರದು.
ಚಿಪ್ಪು ಹೆಕ್ಕಬಾರದು. ತಳದಿಂದ ಏನೂ ತರಬಾರದು.
ಬರೇ ನೋಡಿ ಬರಬೇಕು.
‘ಮತ್ತ ನಿನ್ನನ್ಯಾಕ ಕರದಾರ?’ ಅಂದ ಮೌಲಾಲಿ.
ನನಗೂ ಗೊತ್ತಿಲ್ಲ. ಇದಕ್ಕ ಕೂಲಿನೂ ಕೊಡ್ತಾರಂತ.

ಮೇಡಂ ಕಳಿಸಿದ ಮುಳುಗೋ ಕನ್ನಡಕ ಮೂಗಿಗೆ ಒತ್ತತೈತಿ.
ಇವತ್ತ ನಸಿಕಿನ್ಯಾಗ ಹಾಕ್ಕೊಂಡು ಇಳದೆ,
ಎರಡೂ ಕೈ ಬಗಲಾಗ ಕಟಗೊಂಡು,
ಸಾಲಿ ಮಾಸ್ತರ ಮುಂದ ನಿಂತ ಹುಡುಗನಂಗ.
ಮಾಗಿಯ ತುಂಗಭದ್ರಿ ತಿಳಿಯಾಗಿದ್ಲು. ಕಣ್ಣು ತೆರದೆ.

ಹೊಳಿಗೆ ಬಣ್ಣ ಐತಿ. ಹಸರು,
ಅದರೊಳಗ ಜೇನಿನಂಗ ಇಳಿಯೋ ಬಿಸಲು.
ಇಷ್ಟು ವರ್ಷ ಇದರ ಹೊಟ್ಟಿಯಾಗ ಇದ್ದು
ಇದರ ಮಾರಿ ನೋಡಿದ್ದು ಇವತ್ತ.
ಕಲ್ಲಿನ ಸಂದಿಂದ ನೀರುನಾಯಿ ಬಂತು,
ಮೈತುಂಬ ಗುಳ್ಳಿ, ಬೆಳ್ಳಿ ಅಂಗಿ ತೊಟ್ಟಂಗ.
ಮೂಗಿನ ಮುಂದ ತಿರುಗಿ ನನ್ನನ್ನ ನೋಡ್ತು,
ಹೆಣ ಹೌದೋ ಅಲ್ಲೋ ಅನ್ನಂಗ.
ಬಗಲಾಗಿನ ಕೈ ಮಿಡುಕಿದ್ವು. ಒತ್ತಿ ಹಿಡದೆ.

ಉಸಿರು ಮುಗದು ಮ್ಯಾಲ ಬಂದಾಗ
ದಂಡಿಮ್ಯಾಗ ಒಂದು ಎಮ್ಮಿ ಬಿಟ್ರ ಯಾರೂ ಇರಲಿಲ್ಲ.

ಮೌಲಾಲಿ, ಆ ‘ಅನೇಕ’ ಹೊಡದು ಹಾಕು.
ಒಂದು ಅಂತ ಬರಿ.
‘ಹೊಡದು ಹಾಕಿದ್ರ ನಡಿಯಲ್ಲೋ ಮಾರಾಯ,
ಹೊಸಾ ಫಾರಂ ಬೇಕು. ಎರಡು ರೂಪಾಯಿ ತಗಿ.’