ಒಳಚಕ್ರ

ಮೂಸ್ ಜಾ ಊರಿನಾಚೆ, ಗೋಧಿಯ ಕಣಜಗಳ ಹಿಂದೆ
ಹನ್ನೊಂದು ವರ್ಷ ಹುಲ್ಲಲ್ಲಿ ನಿಂತಿದ್ದ ಲಾರಿ.
ಹರಾಜಿನಲ್ಲಿ ಹಿಡಿದವನು ಎಳೆಸಿಕೊಂಡು ತಂದ:
ಡೆಲ್ವಿನ್, ಮೀಸೆ ಇನ್ನೂ ಮನಸ್ಸು ಮಾಡದ ಹುಡುಗ.
"ಹೊಸದರ ಹಾಗೆ ಆಗುತ್ತದಾ, ದಾರ್ಯಾ?"
ಚಕ್ರವನ್ನು ಬೂಟಿನ ತುದಿಯಲ್ಲಿ ತಟ್ಟಿದ.

ಹೊಸದರ ಹಾಗೆ ಯಾವುದೂ ಆಗುವುದಿಲ್ಲ.
ಮೇಲಿನದನ್ನು ತೆಗೆದರೆ ಕೆಳಗಿನದು ಕಾಣುತ್ತದೆ,
ನನ್ನ ಕಸುಬು ಇಷ್ಟೇ.

ಇದಕ್ಕೆ ತುಕ್ಕು ಅನ್ನುವ ಹಾಗಿಲ್ಲ, ಕಿಲುಬು ಅನ್ನುವ ಹಾಗಿಲ್ಲ.
ಅಲ್ಯೂಮಿನಿಯಂ ಮುನಿಸಿಕೊಂಡರೆ ಹೀಗೆ,
ಮೈಗೆಲ್ಲ ಬೂದಿ ಬಳಿದುಕೊಂಡು
ಯಾರ ಮುಖವನ್ನೂ ಒಳಗೆ ಬಿಟ್ಟುಕೊಳ್ಳದೆ ಕೂತುಬಿಡುತ್ತದೆ.
ಚಳಿಗಾಲದ ರಸ್ತೆಯ ಉಪ್ಪು ಕಚ್ಚಿದಲ್ಲೆಲ್ಲ ಸಿಡುಬಿನ ಕಲೆ.
ಯಾರೋ ಅವಸರದವರು ಆಸಿಡ್ ಎರಚಿ ತೊಳೆದಿದ್ದಾರೆ,
ನೀರಿಳಿದ ದಾರಿ ಸುಣ್ಣ ಸೋರಿದ ಗೋಡೆಯ ಹಾಗೆ.

ಉಪ್ಪು ಕಚ್ಚಿದ್ದಕ್ಕೆ ಉಪ್ಪುಕಾಗದವೇ ಮದ್ದು.
ಮುನ್ನೂರಿಪ್ಪತ್ತು, ನೀರು ಚಿಮುಕಿಸುತ್ತ. ಆಮೇಲೆ ನಾನೂರು,
ಆರುನೂರು, ಎಂಟುನೂರು.
ಒಂದೊಂದು ಕಾಗದವೂ ಹಿಂದಿನದರ ಗೀರು ಅಳಿಸಿ
ತನ್ನದನ್ನು ಬರೆಯುತ್ತದೆ, ಇನ್ನಷ್ಟು ಸಣ್ಣ ಅಕ್ಷರದಲ್ಲಿ.
ಹೊಳಪೆಂದರೆ
ಓದಲಾಗದಷ್ಟು ಸಣ್ಣಗಾದ ಗೀರು.

ಆಮೇಲೆ ಬಫರ್, ಕಂದು ಮೇಣ, ಹಸಿರು ಮೇಣ.
ಬಟ್ಟೆಗೆ ಹತ್ತಿದ ಕರಿಯನ್ನು ಕೊಳೆ ಎಂದುಕೊಂಡ ಹುಡುಗ.
ಚಕ್ರವೇ ಅದು, ಮಾರಾಯ.
ಪ್ರತಿ ಸಲ ಒಂದಿಷ್ಟು ಸವೆದೇ ಹೊಳೆಯುವುದು.

ನಾಲ್ಕನೆಯ ದಿನ ಹಿಂದಿನ ಜೋಡಿ ಬಿಚ್ಚಿದೆ.
ಹೊರಚಕ್ರ ಕಳಚಿದರೆ ಒಳಚಕ್ರ;
ಅದರ ಮುಖ ಬಲ್ಲವರು ಮೆಕ್ಯಾನಿಕ್ಕು ಮತ್ತು ಕೆಸರು.
ಎಲ್ಲರೂ ಹಾಗೇ ಬಿಡುತ್ತಾರೆ, ನಾನೂ ಬಿಡುತ್ತೇನೆ.
ಸುಮ್ಮನೆ ಒಂದು ಹೆಂಟೆ ಎಬ್ಬಿಸಿದೆ,
ಅಡಿಯಲ್ಲಿ ಅಂಗೈಯಗಲ ಬೆಳಕು.
ಟಾರ್ಚು ಓರೆ ಹಿಡಿದೆ. ಉಜ್ಜಿದ ಸುಳಿಗಳು
ಎಲ್ಲರವು ತಿರುಗುವ ಕಡೆ ತಿರುಗಿರಲಿಲ್ಲ.

ಎಡಗೈ.

ಈ ಸೀಮೆಯಲ್ಲಿ ಎಡಗೈಯಲ್ಲಿ ಬಫರ್ ಹಿಡಿದವನು ಒಬ್ಬನೇ,
ಪ್ರೊಕೋಪ್.
ನನಗೆ ಕೆಲಸ ಕಲಿಸಿದವನು.
ನಾಲ್ಕು ತಿಂಗಳ ಕೂಲಿ ಬಾಕಿ ಇಟ್ಟು
ಒಂದು ಫೆಬ್ರವರಿ ಬೆಳಿಗ್ಗೆ ಶೆಡ್ಡಿಗೆ ಬೀಗ ಜಡಿದು ಹೋದವನು.
ಹದಿನೆಂಟು ವರ್ಷ ಅವನನ್ನು ಕಳ್ಳನೆಂದೇ ಕರೆದಿದ್ದೇನೆ,
ಅವನ ತಂಗಿಯ ಎದುರಿಗೂ.
ಕಳ್ಳನೇ.
ಆದರೆ ಇದಕ್ಕೆ ಯಾರೂ ದುಡ್ಡು ಕೊಟ್ಟಿರಲಾರರು,
ಯಾರೂ ಕೇಳಿಯೂ ಇರಲಾರರು.
ಲಾರಿಯ ಹೊಟ್ಟೆಯ ಕತ್ತಲಲ್ಲಿ ಮಂಡಿಯೂರಿ
ಕಣ್ಣಿಗೆ ಬೀಳದ್ದನ್ನು ಕಣ್ಣು ಕುಕ್ಕುವಷ್ಟು ಬೆಳಗಿ
ಮುಚ್ಚಿಟ್ಟು ಹೋಗಿದ್ದಾನೆ.
ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನೋಡಿದೆ.
ಮುಳ್ಳು ನಿಲ್ಲಲಿಲ್ಲ.

"ಒಳಗಿನದು ಬೇಡ," ಬಾಗಿಲಿಂದಲೇ ಡೆಲ್ವಿನ್ ಕೂಗಿದ,
"ಆರಕ್ಕೇ ಅಲ್ಲವಾ ಮಾತಾಡಿದ್ದು."
ಹೂಂ ಅಂದೆ.

ಕೊನೆಗೆ ಹಿಟ್ಟು. ದಿನಸಿ ಅಂಗಡಿಯ ಬರೀ ಗೋಧಿಹಿಟ್ಟು.
ಮೇಣದ ಜಿಡ್ಡನ್ನೆಲ್ಲ ಕುಡಿದು, ಬೂದು ತಿರುಗಿ
ತಾನೇ ಉದುರುತ್ತದೆ. ರೆಪ್ಪೆಗೂ ಕೂರುತ್ತದೆ.
ಗೋಡೆಗೊರಗಿಸಿದ ಚಕ್ರದ ತಗ್ಗಿನಲ್ಲಿ
ಆಕಾಶ, ಕಣಜ, ರೈಲುಹಳಿ,
ಮತ್ತು ಬಾಯಿ ತೆರೆದ ಡೆಲ್ವಿನ್, ತಲೆಕೆಳಗಾಗಿ.
ನವೆಂಬರಿಗೆ ರಸ್ತೆಗೆ ಮತ್ತೆ ಉಪ್ಪು ಸುರಿಯುತ್ತಾರೆ ಎಂದೆ.
ಅವನಿಗೆ ಕೇಳಿಸಲಿಲ್ಲ, ಫೋಟೋ ತೆಗೆಯುತ್ತಿದ್ದ.

ಹೊರಚಕ್ರ ಎತ್ತಿ ಕೂರಿಸುವ ಮುಂಚೆ
ಚೀಲದ ತಳದಲ್ಲಿ ಒಂದು ಹಿಡಿ ಉಳಿದಿತ್ತು.
ಆ ಅಂಗೈಯಗಲಕ್ಕೆ ಎರಚಿ
ಎಡಗೈಯಲ್ಲಿ ಒರೆಸಿದೆ.
ಚೆನ್ನಾಗಿ ಬರಲಿಲ್ಲ.

ಹತ್ತು ನಟ್ಟು. ಎದುರುಬದುರು, ಒಂದೊಂದೇ ಬಿಗಿದೆ.
ನನ್ನ ಬಾಕಿ ಹಾಗೇ ಇದೆ.