ನಾಲ್ಕನೆಯ ಮನೆ

ಬಿಸಿಗೆ ಕರಗುವುದು ಲೋಕದ ರೂಢಿ:
ಬೆಣ್ಣೆ, ಬೆಲ್ಲ, ಮೇಣ, ಮುನಿಸು.
ಇದು ಮಾತ್ರ ಉಲ್ಟಾ.
ತಣ್ಣಗಿದ್ದಷ್ಟು ಹೊತ್ತು ನೀರಲ್ಲಿ ನೀರಾಗಿ ಕಾಣದೆ ಇದ್ದು
ಬಿಸಿ ತಾಗಿತೋ, ಮೈಮೇಲಿನ ನೀರು ಕೊಡವಿ
ಒಂದನ್ನೊಂದು ತಬ್ಬಿ ಹಾಲಾಗುತ್ತದೆ.

ಡಂಡೀಯ ಜನವರಿ. ಮೂರೂವರೆಗೇ ಕತ್ತಲೆ.
ಟೇ ನದಿಯ ಗಾಳಿ ಕೋಟಿನ ಗುಂಡಿ ಎಣಿಸುತ್ತದೆ.
ಒಂದು ಕಟ್ಟಡದಿಂದ ಇನ್ನೊಂದಕ್ಕೆ
ಬೆರಳುದ್ದದ ನಳಿಕೆ ಜೇಬಿನಲ್ಲಿ ಹಿಡಿದು ನಡೆದೆ.
ಬಾಗಿಲಲ್ಲಿ ತೆಗೆದು ನೋಡಿದರೆ ಬೆಳ್ಳಗೆ ಮಬ್ಬು!
ನನ್ನ ಅಂಗೈ ಬಿಸಿಗೇ.
ಮೂವತ್ತನಾಲ್ಕಕ್ಕೆ ಒಡೆಯುವ ಹಾಲು
ನಲವತ್ತರವರೆಗೆ ಕಾಯುವುದೆಂತು?

"ಅತಿಥಿ ಸರಿಯಿಲ್ಲ" ಎಂದಳು ವಾರಿ.
ಬರೆಯುವುದು ಬೇರೆ ಥರ, ಕರೆಯುವುದು ವಾರಿ.
ನಮ್ಮಲ್ಲಿ ಹಾಗೆಂದರೆ ನೀರು ಎಂದಿದ್ದೆ ಮೊದಲ ದಿನ;
ಇಲ್ಲಿ ಅದಕ್ಕೇನು ಬರ, ಎಂದು ಕಿಟಕಿ ತೋರಿಸಿದ್ದಳು.

ಐದು ಮನೆಯ ಸಾಲು ನಮ್ಮದು:
ವ್ಯಾಲೀನ್, ಪ್ರೋಲೀನ್, ಗ್ಲೈಸೀನ್,
ನಾಲ್ಕನೆಯದು ಅತಿಥಿಗೆ,
ಮತ್ತೆ ಗ್ಲೈಸೀನ್.
ಐದೈದು ಮಾತ್ರೆಯ ಗಣಕ್ಕೆ ಪ್ರಸ್ತಾರ ಹಾಕಿಸುತ್ತಿದ್ದ
ಕುಕನೂರ ಮೇಷ್ಟ್ರು ನೆನಪಾದರು.
ಮಾತ್ರೆಯೆಂದರೆ ಆಗ ಗುಳಿಗೆಯಲ್ಲ, ಉಸಿರಿನ ಅಳತೆ;
ಒಂದು ಹೆಚ್ಚಾದರೆ ಪದ್ಯ ಕುಂಟುತ್ತಿತ್ತು, ಕಿವಿ ಕೆಂಪಾಗುತ್ತಿತ್ತು.
ಇಲ್ಲಿ ನೂರ ಅರವತ್ತು ಸಲ ಅದೇ ಗಣವನ್ನು
ಬ್ಯಾಕ್ಟೀರಿಯಾ ತಪ್ಪದೆ ಒಪ್ಪಿಸುತ್ತದೆ,
ಅರ್ಥ ಕೇಳುವುದಿಲ್ಲ.
ಅದರ ನಾತ ಮಾತ್ರ ಸಂಜೆಯ ಬಸ್ಸಿನವರೆಗೂ ಬರುತ್ತದೆ.

ಅತಿಥಿಗೆ ನೀರು ಆಗದಿದ್ದರೆ ಬೇಗ ಮಬ್ಬು,
ನೀರಿನ ಸಂಗ ಸಹಿಸಿದರೆ ತಡ.
ಒಳಗೆ ಕರೆದು ಕೂರಿಸಿದ ಮೇಲೆ
ಮನೆಯ ಸ್ವಭಾವವೇ ಬೇರೆ.
ಕೆಲವು ವ್ಯಾಲೀನರನ್ನು ಎಬ್ಬಿಸಿ
ಅಲನೀನ್, ಗ್ಲೈಸೀನ್ ಕೂರಿಸಿದೆವು.
ತುದಿಗೆ ಔಷಧಿ ಕಟ್ಟಿದೆವು, ಕೆಂಪಗಿನದು.

ಅದೇ ಕೆಂಪು
ಗುಡ್ಡದಾಚೆಯ ಆಸ್ಪತ್ರೆಯಲ್ಲಿ
ವಾರಿಯ ಅಪ್ಪ ಡೂಗಲ್‌ನ ಕೈಗೆ ಹನಿಯುತ್ತದೆ,
ಮೂರು ವಾರಕ್ಕೊಮ್ಮೆ.
ಗಡ್ಡೆ ಇರುವುದು ಎಡ ತೊಡೆಯಲ್ಲಿ;
ಕೂದಲು ಹೋದದ್ದು ತಲೆಯದು, ರುಚಿ ಹೋದದ್ದು ನಾಲಿಗೆಯದು,
ಈಗ ಎದೆಗೂ ಕಿವಿಗೊಟ್ಟು ನೋಡುತ್ತಾರೆ.
ವಿಳಾಸವಿಲ್ಲದ ಕಾಗದ, ಎಲ್ಲರ ಮನೆಗೂ ಹೋಗಿಬರುತ್ತದೆ.

ಹದಿನೈದಕ್ಕೇ ಸೆಣಬಿನ ಗಿರಣಿ ಸೇರಿದವನು.
ನಮ್ಮ ಎಳೆಗಳ ವಿಷಯ ಎತ್ತಿದರೆ
ಹೆಬ್ಬೆರಳಿಗೆ ತೋರುಬೆರಳು ಉಜ್ಜುತ್ತ ಕೇಳುತ್ತಾನೆ:
"ಎಷ್ಟು ಎಳೆದರೆ ಹರಿಯುತ್ತೆ?"
ಆಮೇಲೆ: "ನನ್ನ ತೊಡೆಗೆ ಯಾವಾಗ?"
ಸುಳ್ಳಿಗೆ ಬಾಯಿ ತೆರೆದಿತ್ತು,
ವಾರಿ ನೋಡುತ್ತಿದ್ದಳು.
ಹತ್ತು ವರ್ಷ, ಎಲ್ಲ ಸರಿಹೋದರೆ, ಎಂದೆ.
"ಹಾಗಾದರೆ ಮೊದಲು ಟೀ" ಎಂದ.

ಮಾರ್ಚ್. ಹದಿನೇಳನೆಯ ಇಲಿ.
ಅರಿವಳಿಕೆ ಕೊಟ್ಟು ಕಾಲೊಂದನ್ನೇ
ನಲವತ್ತೆರಡರ ನೀರಿಗೆ ಇಳಿಬಿಟ್ಟೆವು,
ಕಾಲ್ಗುಣ ನೋಡುವವರ ಹಾಗೆ.
ಮೈಯೆಲ್ಲ ಮೂವತ್ತೇಳು, ಅಲ್ಲಿ ಕಾಣದೆ ಹರಿದುಹೋಗಬೇಕು;
ಗಡ್ಡೆಯ ಬಳಿ ಮಾತ್ರ ನಿಂತು, ಕೂಡಿ, ಹೆಪ್ಪಾಗಬೇಕು.
ಒಂದು ಗಂಟೆ.
ಪರದೆಯ ಮೇಲೆ, ತೊಡೆಯಲ್ಲಿ, ದೀಪ ಹತ್ತಿತು.
ವಾರಿ ನನ್ನ ತೋಳು ಹಿಡಿದಳು, ನೋವಾಗುವಷ್ಟು.

ಯಕೃತ್ತಿನಲ್ಲೂ ಹತ್ತಿತ್ತು, ಸಣ್ಣಗೆ.
ಅದನ್ನೂ ಬರೆದುಕೊಂಡೆವು.

ಇಲಿಗೆ ಹೆಸರಿಡುವ ಪದ್ಧತಿಯಿಲ್ಲ.
ನೀರಿನಿಂದ ಕಾಲು ತೆಗೆದು ಬಟ್ಟೆಯಲ್ಲಿ ಒತ್ತುವಾಗ
ಅವಳು ಏನೋ ಅಂದಳು ತನ್ನ ಸ್ಕಾಟರ ಮಾತಿನಲ್ಲಿ,
ಮಕ್ಕಳಿಗೆ ಅನ್ನುವಂಥದು.

ಹೊರಗೆ ಐದಾದರೂ ಬೆಳಕಿತ್ತು.
ನಳಿಕೆ ಹೊರಗೆ ಒಯ್ಯಬಾರದು, ಗೊತ್ತು.
ಅಂಗೈಯಲ್ಲಿ ಬಿಗಿಹಿಡಿದು ಸೇತುವೆಯ ತನಕ ನಡೆದು
ತೆಗೆದು ಕಣ್ಣಿಗೆ ಹಿಡಿದೆ:
ಅದರೊಳಗಿಂದ ಆಚೆಯ ದಡ,
ಎಡಬಲ ಅದಲುಬದಲಾಗಿ,
ಆದರೂ ಒಂದೊಂದು ಮನೆಯೂ ಬೇರೆಬೇರೆಯಾಗಿ.